ಉಕ್ಕಿನ ಬಿಲ್ಲೆಯೊಳಗಿನ ಕರಿಬಟ್ಟೆ

ಟಕ್.

ಯಾರೋ ತಟ್ಟಿದರು. ನನ್ನ ಮನೆಯಲ್ಲಿ ಸದಾ ರಾತ್ರಿ, ಕಿಟಕಿಯಿಲ್ಲ, ಬಾಗಿಲಿಲ್ಲ. ಮತ್ತೆ ತಟ್ಟಿದರು. ಸದ್ದು ಹೊರಗಿನಿಂದ ಬಂದದ್ದಲ್ಲ.

ನಾನು ಒಂದು ಇಂಗಾಲದ ಬಟ್ಟೆ. ಕೋಟಿನ ಗುಂಡಿಯಷ್ಟಗಲದ ಕರಿಯ ಚೂರು. ಮೊದಲು ಹೀಗಿರಲಿಲ್ಲ. ದಾವಣಗೆರೆಯ ಮಾಚಪ್ಪನವರ ಲಾಂಡ್ರಿಯಲ್ಲಿ ಯಾರೋ ಬಿಟ್ಟುಹೋದ ಬಿಳಿಯ ಹತ್ತಿಪಂಚೆಯ ಭಾಗವಾಗಿದ್ದೆ. ಅವರ ಮಗಳು ಚಂದ್ರಕಲಾ ಊರ ಹೊರಗಿನ ಕಾಲೇಜೊಂದರಲ್ಲಿ ಸೋಡಿಯಂ ಬ್ಯಾಟರಿಗಳ ಸಂಶೋಧನೆ ನಡೆಸುತ್ತಿದ್ದಳು.

ಸೋಡಿಯಂ ಎಂದರೆ ಅಡುಗೆಯ ಉಪ್ಪಿನೊಳಗೆ ಅಡಗಿರುವ ಲೋಹ. ಹೇರಳ, ಆದರೆ ಚಂಚಲ. ಬ್ಯಾಟರಿಗೆ ವಿದ್ಯುತ್ತು ತುಂಬುವಾಗ ಅದು ಬಂದು ಕೂರಬೇಕು, ಖಾಲಿಯಾಗುವಾಗ ಎದ್ದುಹೋಗಬೇಕು. ಸಮನಾದ ಆಸನ ಸಿಗದಿದ್ದರೆ ಒಂದೇ ಕಡೆ ಗುಂಪುಗೂಡಿ ಸೂಜಿಯಾಗಿ ಬೆಳೆಯುತ್ತದೆ. ಎರಡು ಧ್ರುವಗಳ ನಡುವಿನ ತೆಳುಪರದೆಯನ್ನು ಚುಚ್ಚಿ ಬ್ಯಾಟರಿಯನ್ನೇ ಕೊಲ್ಲುತ್ತದೆ. ನೂಲುಗಳ ಸಂದಿಯಲ್ಲಿ ಅದಕ್ಕೆ ಸಾವಿರ ಆಸನ ಹಾಸಿಕೊಡುವುದು ನನ್ನಂಥವರ ಕಸುಬು.

ನನ್ನ ಹಿರಿಯರು ಈ ಕಸುಬನ್ನು ಚೆನ್ನಾಗಿ ಮಾಡಿದ್ದರು. ಲಾಂಡ್ರಿಯ ಒರೆಸುಬಟ್ಟೆಯಿಂದ ಚಂದ್ರಕಲಾಳೇ ಹರಿದು, ತೊಳೆದು, ಸುಟ್ಟು ಮಾಡಿದ ಚೂರುಗಳವು. ವಿದ್ಯುತ್ತು ತುಂಬಿ ಖಾಲಿಯಾಗುವ ಎಂಟುನೂರು ಸುತ್ತು ಬಾಳಿದವು. ಆ ಸಂತೋಷದಲ್ಲಿ ಅವಳು ಅಪ್ಪನನ್ನು ಇನ್ನೊಂದು ಹಳೆಯ ಬಟ್ಟೆ ಕೇಳಿದಳು.

ಮಾಚಪ್ಪನವರು ಮೂರು ದಿನ ಬಿಟ್ಟು ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನನ್ನ ಮಡಿಕೆಗಳು ಬೆರಳು ಕುಯ್ಯುವಂತಿದ್ದವು.

"ಇಷ್ಟೆಲ್ಲಾ ಯಾಕಪ್ಪಾ? ಸುಡೋ ಬಟ್ಟೆ ಇದು," ಎಂದಳು ಚಂದ್ರಕಲಾ.

"ಸುಡ್ತೀಯೋ, ಉಡ್ತೀಯೋ, ಅದು ನಿಂದು. ಕಾಲೇಜಿಗೆ ಹೋಗೋ ಬಟ್ಟೆ ಹೆಂಗೆಂಗೋ ಕಳಿಸಿದ್ರ ಮಾಚಪ್ಪನ ಹೆಸ್ರು ಏನಾಗಬೇಕವ್ವ?"

ಇಷ್ಟು ಶುಭ್ರವಾದುದನ್ನು ಮತ್ತೆ ತೊಳೆಯುವುದೇಕೆಂದು ಅವಳು ನನ್ನನ್ನು ಹಾಗೆಯೇ ಕತ್ತರಿಸಿದಳು.

ಕುಲುಮೆ ನೋಡಿಕೊಳ್ಳುತ್ತಿದ್ದವನು ದಸ್ತಗೀರ್. ಹನ್ನೆರಡು ವರ್ಷದಿಂದ ಹಂಗಾಮಿ ನೌಕರ. ನನ್ನನ್ನೂ ನನ್ನ ಒಂಬತ್ತು ಒಡಹುಟ್ಟಿದವರನ್ನೂ ತಟ್ಟೆಯಲ್ಲಿ ಜೋಡಿಸುತ್ತ ನಕ್ಕ: "ಬರ್ರಪ್ಪಾ ಮದುಮಕ್ಕಳ್ರಾ. ಬೆಳ್ಳಗೆ ಒಳಗೆ ಹೋಗ್ರಿ, ಕರ್ರಗಾಗಿ ಹೊರಗೆ ಬರ್ರಿ. ನಾನೂ ಹಿಂಗೇ ಆದದ್ದು."

ಸಾವಿರ ಡಿಗ್ರಿಯ ಉರಿ. ಗಾಳಿ ಒಳಹೊಕ್ಕರೆ ನಾವು ಬೂದಿ. ಅದನ್ನು ತಡೆಯಲು ನೈಟ್ರೋಜನ್ ಅನಿಲ ಹರಿಯುತ್ತಲೇ ಇರಬೇಕು. ದಸ್ತಗೀರ್ ಅನಿಲದ ಮಾಪಕದ ಮುಳ್ಳಿನಿಂದ ಕಣ್ಣು ಕೀಳಲಿಲ್ಲ, ನಾನು ಸಾಕ್ಷಿ. ಆದರೆ ಇಂಗಾಲದ ಸಾಕ್ಷ್ಯವನ್ನು ಕೇಳುವವರು ಯಾರು?

ಚಂದ್ರಕಲಾ ನಮ್ಮನ್ನು ಸೋಡಿಯಂನೊಡನೆ ಉಕ್ಕಿನ ಬಿಲ್ಲೆಗಳಲ್ಲಿ ಮುಚ್ಚಿ, ಪುಟ್ಟ ಬ್ಯಾಟರಿಗಳನ್ನಾಗಿಸಿ, ತುಂಬಿ ಖಾಲಿ ಮಾಡುವ ಯಂತ್ರಕ್ಕೆ ಸಿಕ್ಕಿಸಿದಳು. ಒಂಬತ್ತನೆಯ ಸುತ್ತಿಗೆ ಮೊದಲನೆಯವನು ಸತ್ತ. ಹನ್ನೊಂದಕ್ಕೆ ಇಬ್ಬರು. ಇಪ್ಪತ್ತಕ್ಕೆ ಆರು ಮಂದಿ ಇಲ್ಲ. ಸೋಡಿಯಂ ನನ್ನ ಒಳಕ್ಕೆ ಬರಲಾರದೆ ಮೈಮೇಲೆಯೇ ಗುಂಪುಗೂಡುತ್ತಿತ್ತು. ಇಪ್ಪತ್ತಾರನೆಯ ಸುತ್ತಿನಲ್ಲಿ ಆ ಸದ್ದು ಕೇಳಿಸಿತು: ಸೂಜಿಯ ಮೊನೆ ಪರದೆಯನ್ನು ತಟ್ಟುತ್ತಿತ್ತು. ಇಪ್ಪತ್ತೇಳಕ್ಕೆ ನಾನೂ ಮುಗಿದೆ.

ಪ್ರಾಧ್ಯಾಪಕ ಮುರಿಗೆಪ್ಪನವರು ಕಾಯಲಿಲ್ಲ. "ಕುಲುಮೆ ಮುಂದೆ ನಿದ್ದೆ ಹೊಡೆದಾನ. ಗಾಳಿ ಹೊಕ್ಕೈತಿ. ಸೋಮವಾರದಿಂದ ಬೇರೆಯವರನ್ನ ನೋಡೋಣ." ನನ್ನ ಮಾದರಿಯ ಚೀಟಿಯಲ್ಲಿ 'ಕಾರಣ' ಎಂಬುದರ ಮುಂದೆ ಪೆನ್ಸಿಲಿನಿಂದ 'ದಸ್ತಗೀರ್' ಎಂದು ಬರೆದರು.

"ಸರ್, ನಾನು ಕಣ್ಣು ಮುಚ್ಚಿಲ್ಲ..." ದಸ್ತಗೀರನ ನಗು ಮೊದಲ ಬಾರಿಗೆ ಆರಿತ್ತು.

"ಎರಡು ದಿನ ಕೊಡಿ ಸರ್," ಎಂದಳು ಚಂದ್ರಕಲಾ.

ಅವಳು ನನ್ನ ಬಿಲ್ಲೆಯನ್ನು ಸೀಳಿ, ಸೋಡಿಯಂ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಗಾಳಿ ಹೊಕ್ಕಿದ್ದರೆ ನನ್ನ ನೂಲುಗಳು ಗೆದ್ದಲು ತಿಂದಂತಿರಬೇಕಿತ್ತು. ಅವು ನೆಟ್ಟಗಿದ್ದವು. ಆದರೆ ನೂಲಿಗೂ ನೂಲಿಗೂ ನಡುವೆ ಹೊಳೆಯುವ ಕರಿಯ ಪೊರೆ! ಒಳದಾರಿಗಳೆಲ್ಲ ಮುಚ್ಚಿದ್ದವು.

"ಗಾಳಿ ಅಲ್ಲ ದಸ್ತಗೀರಣ್ಣ. ಏನೋ ಅಂಟೈತಿ. ಉರಿಗೆ ಹೋಗೋಕೆ ಮೊದ್ಲೇ ಅಂಟೈತಿ."

ತಟ್ಟೆ, ಕತ್ತರಿ, ಸೀಸೆಗಳನ್ನೆಲ್ಲ ಪರೀಕ್ಷಿಸಿದಳು. ಎಲ್ಲವೂ ನಿರ್ದೋಷಿ. ಒಂದು ದಿನ ಕಳೆಯಿತು.

ಶನಿವಾರ ಮಧ್ಯಾಹ್ನ ಮಾಚಪ್ಪನವರು ಬುತ್ತಿಯ ಜೊತೆಗೆ ಹೊಸದಾಗಿ ಮಡಿಸಿದ ಇನ್ನೊಂದು ಪಂಚೆ ತಂದರು. ದಸ್ತಗೀರ್ ಸುಮ್ಮನೆ ಅದರ ಮೇಲೆ ಉಗುರು ಬಡಿದ.

ಟಕ್.

"ಏನ್ ಮಾಚಪ್ಪಾರೆ, ಬಟ್ಟೆ ತಂದೀರೋ, ತಗಡು ತಂದೀರೋ?"

ಚಂದ್ರಕಲಾಳ ಕೈಯ ತುತ್ತು ಅಲ್ಲಿಯೇ ನಿಂತಿತು. ಅಪ್ಪನ ಕೈಯಿಂದ ಬಂದ ಬಟ್ಟೆಯನ್ನು ಅವಳು ಹುಟ್ಟಿದಂದಿನಿಂದ ಹೀಗೆಯೇ ಕಂಡಿದ್ದಳು. ಬಟ್ಟೆಯ ಗುಣವೇ ಅದೆಂದು ತಿಳಿದಿದ್ದಳು.

"ಅಪ್ಪಾ... ಹೋದ ಸಲದ್ದಕ್ಕೂ ಹಿಂಗೇ ಮಾಡಿದ್ಯಾ?"

"ಹಿಂಗೇ ಏನವ್ವ? ಕಾಲೇಜಿಗೆ ಅಂತ ಎರಡು ಸಲ ಅದ್ದಿದ್ದೆ!"

ಅವರ ಮುಖದ ಹೆಮ್ಮೆಯನ್ನು ಅವಳು ನೋಡಿದಳು. ಎದ್ದುಹೋಗಿ ರಬ್ಬರು ಹುಡುಕಿದಳು.

ಈಗ ನಾನು ಕಪಾಟಿನ ಮೂಲೆಯ ಗಾಜಿನ ಸೀಸೆಯಲ್ಲಿದ್ದೇನೆ. ದಸ್ತಗೀರ್ ಇಂದಿಗೂ ಕುಲುಮೆಯ ಮುಂದಿದ್ದಾನೆ; ಮಾಚಪ್ಪನವರ ಬಟ್ಟೆಗಳನ್ನು ಮೂರು ಬಾರಿ ಬಿಸಿನೀರಿನಲ್ಲಿ ಕುದಿಸಿ, ಅವು ಮೆತ್ತಗಾದವೇ ಎಂದು ಕೆನ್ನೆಗೆ ಒತ್ತಿ ನೋಡುತ್ತಾನೆ. ನನ್ನ ಮೈ ಮಾತ್ರ ಸಡಿಲಗೊಂಡಿಲ್ಲ. ಯಾವ ಠೀವಿಯಿಂದ ಅಂದು ತಲೆಯೆತ್ತಿ ಬಂದೆನೋ ಅದೇ ನನ್ನ ಸಾವಿರ ಬಾಗಿಲುಗಳನ್ನು ಮುಚ್ಚಿತೆಂಬ ಯೋಚನೆ ನನ್ನನ್ನು ಮಲಗಗೊಡುವುದಿಲ್ಲ. ಸೀಸೆಗೆ ಅಂಟಿಸಿದ ಚೀಟಿಯಲ್ಲಿ ದಸ್ತಗೀರನ ಹೆಸರು ಅಳಿಸಿದೆ; ಅಪ್ಪನ ಹೆಸರನ್ನು ಅವಳು ಬರೆಯಲಿಲ್ಲ. ಶಾಯಿಯಲ್ಲಿ ಬರೆದಿರುವುದು ಒಂದೇ ಪದ:

ಗಂಜಿ.