ಹೊಳೆಬಾಗಿಲಿನ ಹೊಟ್ಟಿನ ಒಲೆ

ಒಲೆ ಮತ್ತೆ ಆರಿತು.

ಈ ಸಲ ಮಹಾಗಣಪತಿ ಅದರ ಎದುರೇ ಕುಕ್ಕರುಗಾಲಲ್ಲಿ ಕೂತಿದ್ದ. ತಳದ ತೂತಿನೊಳಗೆ ಕೆಂಪಗಿದ್ದದ್ದು ಮಂಕಾಯಿತು, ಕಪ್ಪಾಯಿತು. ಒಂದು ಎಳೆ ಹೊಗೆ ಹೊರಗೆ ಬಂದು ಅವನ ಕನ್ನಡಕದ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಯಿತು. ಯಾರೂ ಆರಿಸಿರಲಿಲ್ಲ. ನೀರು ಚೆಲ್ಲಿರಲಿಲ್ಲ. ತನ್ನಷ್ಟಕ್ಕೆ ತಾನೇ ಆರಿತ್ತು.

"ಮೇಷ್ಟ್ರೇ, ಲಾಂಚು ಬಂತು," ಎಂದಳು ಚಾ ಅಂಗಡಿಯ ದುರ್ಗಮ್ಮ.

"ಕಂಡೆ."

"ಹೋಗೂದಿಲ್ವಾ?"

"ಮುಂದಿನದಕ್ಕೆ ಹೋದರಾಯ್ತು. ಇದಕ್ಕೆ ಎಂತಾಗಿದೆ ನೋಡ್ತೇನೆ."

"ಹಿಂದಿನ ಲಾಂಚಿಗೂ ಹಾಂಗೇ ಅಂದ್ರಿ."

ಅವನು ಕೇಳಿಸದವನಂತೆ ಕಡ್ಡಿಪೆಟ್ಟಿಗೆಗೆ ಕೈಚಾಚಿದ.

ಆ ಆದಿತ್ಯವಾರ ಬೆಳಿಗ್ಗೆ ಸಾಗರದ ಬಸ್ಸಿನಿಂದ ಇಳಿದಾಗ ಮೊದಲ ಲಾಂಚಿಗೇ ಹತ್ತುವ ಉದ್ದೇಶ ಅವನಿಗಿತ್ತು. ಹಿನ್ನೀರು ದಾಟಿ, ಆಚೆ ದಡದಿಂದ ಇನ್ನೊಂದಿಷ್ಟು ನಡೆದರೆ ಅವನ ಹೆಂಡತಿ ಅನ್ನಪೂರ್ಣೇಶ್ವರಿಯ ತವರು. ದೀಪಾವಳಿಗೆಂದು ಹೋದವಳು ಯುಗಾದಿ ಕಳೆದರೂ ಬಂದಿರಲಿಲ್ಲ. ಮೊನ್ನೆ ಅವಳ ತಮ್ಮ ವೆಂಕಟ್ರಮಣ ಸಾಗರಕ್ಕೆ, ಮಹಾಗಣಪತಿ ಫಿಸಿಕ್ಸ್ ಪಾಠ ಮಾಡುವ ಕಾಲೇಜಿಗೇ ಬಂದಿದ್ದ. ಒಳಗೆ ಬಾ ಎಂದರೂ ಬಾರದೆ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಹೇಳಿದ್ದ:

"ಭಾವ, ಅಕ್ಕ ಶಿವಮೊಗ್ಗಕ್ಕೆ ಹೋಗ್ತಡ. ದೊಡ್ಡಕ್ಕನ ಮನೇಲಿ ಇದ್ಕಂಡು ಟೀಚರ್ ಟ್ರೈನಿಂಗ್ ಸೇರ್ತಡ. ಆದಿತ್ಯವಾರ ಸಂಜೆ ಬಸ್ಸಿಗೆ ಹೊರಡದು. ಅದರೊಳಗೆ ನಿಂಗ ಬಂದು ಒಂದು ಮಾತು ಆಡಿದ್ರೆ ನಿಂತ್ರೂ ನಿಂತೀತು."

"ಎಂತ ಮಾತು?" ಎಂದು ಮಹಾಗಣಪತಿ ಕೇಳಿದ್ದ.

ವೆಂಕಟ್ರಮಣ ಅವನನ್ನು ಒಮ್ಮೆ ನೋಡಿ, "ಅದನ್ನೂ ನಾನೇ ಹೇಳಿಕೊಡಕಾ?" ಎಂದು ಮೆಟ್ಟಿಲಿಳಿದು ಹೋಗಿದ್ದ.

ಮಹಾಗಣಪತಿ ವ್ಯಂಗ್ಯವಾಗಿ ಕೇಳಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕಾಗಿತ್ತು. ಬಸ್ಸಿನಲ್ಲಿ ಬರುವಾಗ ಒಂದೆರಡು ವಾಕ್ಯಗಳನ್ನು ಜೋಡಿಸಿ ನೋಡಿದ್ದ. ಎಲ್ಲವೂ ರಜೆ ಕೇಳುವ ಅರ್ಜಿಯ ಹಾಗೆ ಕೇಳಿಸಿದವು. ಒಂದು ಚಾ ಕುಡಿದರೆ ಮಾತು ಹೊಳೆಯಬಹುದು ಎಂದುಕೊಂಡು ದುರ್ಗಮ್ಮನ ಅಂಗಡಿಗೆ ಬಂದರೆ, ಒಲೆ ಆರಿತ್ತು.

ಹೊಸ ಒಲೆ. ಕಾಡಿನ ಕಟ್ಟಿಗೆಗೆ ಗಾರ್ಡಿನ ಕಾಟ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಸಾಗರದ ಸಾಮಿಲ್ಲಿನಲ್ಲಿರುವ ದುರ್ಗಮ್ಮನ ಅಣ್ಣ ಈ ತಗಡಿನ ಡಬ್ಬಿಯನ್ನೂ ಎರಡು ಗೋಣಿ ಮರದ ಹೊಟ್ಟನ್ನೂ ಬಸ್ಸಿನ ಮೇಲೆ ಹಾಕಿ ಕಳಿಸಿದ್ದ. ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ ಗಟ್ಟಿಯಾಗಿ ಒತ್ತಬೇಕು. ಬಾಟಲಿ ಎಳೆದರೆ ನಡುವೆ ಕೊಳವೆಯಂತೆ ದಾರಿಯಾಗುತ್ತದೆ. ತಳದ ತೂತಿನಿಂದ ಬೆಂಕಿ ಕೊಟ್ಟರೆ ಹೊಟ್ಟು ಒಳಗಿನಿಂದಲೇ ನಿಧಾನಕ್ಕೆ ಉರಿಯುತ್ತಾ ಅರ್ಧ ದಿನ ಬರುತ್ತದೆ ಎಂದು ಅಣ್ಣ ಹೇಳಿದ್ದನಂತೆ. ಬರುತ್ತಿರಲಿಲ್ಲ. ಹಾಲು ಬಿಸಿಯಾಗುವ ಹೊತ್ತಿಗೆ ಸಾಯುತ್ತಿತ್ತು.

ಮಹಾಗಣಪತಿ ಚೀಲ ಕೆಳಗಿಟ್ಟು, ಅಂಗಿಯ ತೋಳು ಮಡಿಸಿದ್ದ. ಹಾಗೆ ಮಡಿಸುವಾಗ ಅವನ ಎದೆಯೊಳಗೆ ಏನೋ ಸಡಿಲವಾಗಿತ್ತು. ಕಾರಣವಿರುವ ತೊಂದರೆಗಳ ಎದುರು ಅವನು ಯಾವತ್ತೂ ಸುಖವಾಗಿರುತ್ತಿದ್ದ.

ಮೊದಲು ಹೊಟ್ಟು ಹಸಿ ಎಂದುಕೊಂಡ. ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿದ. ಗೋಣಿ ಬಿಚ್ಚಿ ಬಿಸಿಲಿಗೆ ಹರಡಿದ. ಏಪ್ರಿಲ್ ಬಿಸಿಲಿಗೆ ಹೊಟ್ಟು ಬೇಗ ಒಣಗಿತು. ತುಂಬಿದ, ಒತ್ತಿದ, ಹೊತ್ತಿಸಿ ಹಾಲಿಟ್ಟ. ಆರಿತು. ಹೆಚ್ಚು ಒತ್ತಿದೆನೇನೋ ಎಂದು ಎಲ್ಲ ಸುರಿದು ಸಡಿಲವಾಗಿ ತುಂಬಿದ. ನಡುವಿನ ದಾರಿ ಕುಸಿದು ಬಿತ್ತು. ತಳದ ತೂತು ಚಿಕ್ಕದೇನೋ ಎಂದು ದುರ್ಗಮ್ಮನ ಕತ್ತಿಯ ತುದಿಯಿಂದ ಅದನ್ನು ದೊಡ್ಡದು ಮಾಡಿದ. ಇನ್ನಷ್ಟು ಚೆನ್ನಾಗಿ ಹೊತ್ತಿಕೊಂಡಿತು, ಹಾಲಿನ ಪಾತ್ರೆ ಇಟ್ಟ ಮೇಲೆ ಮತ್ತೆ ಆರಿತು.

ಇದರ ನಡುವೆ ಲಾಂಚು ಬಂತು, ಹೋಯಿತು.

"ಆಚೆ ಯಾರ ಮನೆಗೆ ಹೊಂಟಿದ್ರಿ?" ಎಂದು ದುರ್ಗಮ್ಮ ಕೇಳಿದಳು.

"ಪರಿಚಯದವರು."

"ಕಾರ್ಯ ಗೀರ್ಯ ಏನಾದ್ರೂ?"

"ಅಂಥದ್ದೇನಿಲ್ಲ."

ಹಾಗೆ ಹೇಳಿದ ಮೇಲೆ, ಅದು ಸುಳ್ಳೂ ಅಲ್ಲವೆಂದು ಅವನಿಗೆ ಅನ್ನಿಸಿತು. ಅವರ ನಡುವೆ ಜಗಳವೇ ಆಗಿರಲಿಲ್ಲ. ಜಗಳವಾಗಿದ್ದರೆ ಇಂಥ ಕಡೆ ಮುರಿದಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಒಂದು ದಿನ ಊಟ ಬಡಿಸುತ್ತಾ ಅನ್ನಪೂರ್ಣೇಶ್ವರಿ, ಉಪ್ಪು ಸಾಕೇ ಎಂದು ಕೇಳುವ ಧ್ವನಿಯಲ್ಲೇ ಹೇಳಿದ್ದಳು: "ನಿಂಗಳ ಜೊತೆ ಇಪ್ಪದೂ ಒಂದೇ, ಯಾರೂ ಇಲ್ಲದ ಮನೇಲಿ ಇಪ್ಪದೂ ಒಂದೇ." ಅವನು "ಹೌದಾ" ಎಂದಿದ್ದ. ಮಜ್ಜಿಗೆ ಹಾಕಿಸಿಕೊಂಡಿದ್ದ. ಕೈತೊಳೆಯುವಾಗ, ಇದಕ್ಕೆ ಬೇರೆ ಏನಾದರೂ ಹೇಳಬೇಕಿತ್ತು ಎಂದು ಹೊಳೆದಿತ್ತು. ಅಷ್ಟರಲ್ಲಿ ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಲಾಂಚಿನ ಹಗ್ಗ ಕಟ್ಟುವ ಭೂತಪ್ಪ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ.

"ಚಾ ಇಲ್ವನೇ?"

"ಮೇಷ್ಟ್ರು ರಿಪೇರಿ ಮಾಡ್ತಾ ಇದಾರೆ," ಎಂದಳು ದುರ್ಗಮ್ಮ. "ಬೆಳಿಗ್ಗಿಂದ."

"ಕೆಟ್ಟದ್ದಾದ್ರೂ ಎಂತ ಅದ್ರಲ್ಲಿ? ಒಂದು ಡಬ್ಬಿ."

ಭೂತಪ್ಪ ಬೀಡಿ ಹಚ್ಚಿದ. ಎಳೆದು ಹೊಗೆ ಬಿಟ್ಟ. ಮತ್ತೆ ಎಳೆದ.

ಮಹಾಗಣಪತಿಗೆ ಆಗ ಗೊತ್ತಾಯಿತು. ಪಾತ್ರೆ. ಪಾತ್ರೆ ಇಡದಿದ್ದಾಗ ಒಲೆ ಒಮ್ಮೆಯೂ ಆರಿರಲಿಲ್ಲ. ದುರ್ಗಮ್ಮನ ಹಾಲಿನ ಪಾತ್ರೆಯ ತಳ ಸಪಾಟು. ಡಬ್ಬಿಯ ಬಾಯಿಗೆ ಮುಚ್ಚಳದ ಹಾಗೆ ಕೂತುಬಿಡುತ್ತಿತ್ತು. ಒಳಗಿನ ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಹೋಗದೆ ಕೆಳಗಿನಿಂದ ಗಾಳಿ ಬರುವುದಿಲ್ಲ. ಮೂರು ಹೆಂಚಿನ ಚೂರು ಇಟ್ಟು ಪಾತ್ರೆಯನ್ನು ಬೆರಳಷ್ಟು ಮೇಲೆ ಎತ್ತಿದರೆ ಮುಗಿಯಿತು. ಹೆಂಚಿನ ಚೂರುಗಳು ಅಂಗಡಿಯ ಗೋಡೆಯ ಬುಡದಲ್ಲೇ ಬಿದ್ದಿದ್ದವು. ಕೈಗೆ ಎಟಕುವಷ್ಟು ಹತ್ತಿರ.

"ಹೊರಡೂ ಹೊತ್ತಾಯ್ತು," ಎಂದು ಭೂತಪ್ಪ ಎದ್ದ. "ಬರೋರು ಬನ್ನಿ."

ಮಹಾಗಣಪತಿ ಹೆಂಚಿನ ಚೂರುಗಳನ್ನು ನೋಡಿದ. ಎತ್ತಿ ಇಟ್ಟರೆ ಕೆಲಸ ಮುಗಿಯುತ್ತಿತ್ತು. ಮುಗಿದರೆ ಏಳಬೇಕಾಗುತ್ತಿತ್ತು.

"ಈ ಹೊಟ್ಟು ಸರಿ ಇಲ್ಲ," ಎಂದ ಅವನು. ಎಂದದ್ದು ತನಗೇ ಕೇಳಿಸಿತು. ಅವನ ಎರಡೂ ಕೈಗಳು ಡಬ್ಬಿಯನ್ನು ಎತ್ತಿ ಅಂಗಳದಲ್ಲಿ ಬೋರಲು ಹಾಕಿದವು. ಅರೆಬೆಂದ ಹೊಟ್ಟು ನೆಲದ ಮೇಲೆ ಕಪ್ಪಗೆ ಹರಡಿಕೊಂಡಿತು. ಅವನು ತನ್ನ ಕೈಗಳನ್ನು, ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗನನ್ನು ಹಿಂದಿನಿಂದ ನೋಡುವ ಹಾಗೆ, ಸುಮ್ಮನೆ ನೋಡಿದ. ತಡೆಯಲಿಲ್ಲ.

ಲಾಂಚು ಹೊರಟಿತು. ಅದರ ಸದ್ದು ಸಣ್ಣದಾಗುವವರೆಗೆ ಅವನು ತಲೆ ಎತ್ತಲಿಲ್ಲ. ಹೇಗೂ ಅವಳು ಸಂಜೆ ಬಸ್ಸಿಗೆ ಇದೇ ದಾರಿಯಲ್ಲಿ ಬರಬೇಕಲ್ಲ ಎಂಬ ಯೋಚನೆ ಬಂತು. ಒಳ್ಳೆಯ ಯೋಚನೆ ಅನ್ನಿಸಿತು. ಆಮೇಲೆ, ಈ ಯೋಚನೆ ಮೊದಲಿಂದಲೂ ಒಳಗೆ ಎಲ್ಲೋ ಕೂತಿತ್ತು ಎಂದೂ ಅನ್ನಿಸಿತು.

"ನೀವು ಬಿಡಿ ಮಾರಾಯ್ರೆ," ಎಂದಳು ದುರ್ಗಮ್ಮ. ಅವಳ ಧ್ವನಿಯಲ್ಲಿ ಈಗ ಮರ್ಯಾದೆ ತೆಳ್ಳಗಾಗಿತ್ತು. "ನಾನು ಮೂರು ಕಲ್ಲು ಹೂಡಿ ತರಗಾದ್ರೂ ಉರಿಸ್ತೇನೆ. ಹಾಲು ಒಡೀತದೆ ಇನ್ನು."

"ಒಂದು ಸಲ. ಕೊನೇದು."

ತುಂಬಿದ. ಒತ್ತಿದ. ಬಾಟಲಿ ಎಳೆದ. ಬೆಂಕಿ ಕೊಟ್ಟ. ಮೂರು ಹೆಂಚಿನ ಚೂರು ಇಟ್ಟು ಅದರ ಮೇಲೆ ಪಾತ್ರೆ ಇಟ್ಟ. ಸಂದಿಯಲ್ಲಿ ನೀಲಿ ನಾಲಿಗೆಗಳು ಸುತ್ತಲೂ ಕಾಣಿಸಿಕೊಂಡವು. ಹಾಲು ಉಕ್ಕಿತು. ದುರ್ಗಮ್ಮ ಇಳಿಸಿ, ಚಾದ ನೀರಿಟ್ಟಳು. ಅದೂ ಕುದಿಯಿತು. ಒಲೆ ಆರಲಿಲ್ಲ.

"ಇಷ್ಟೇನಾ?" ಎಂದಳು.

"ಇಷ್ಟೇ."

ಅವಳು ಹೆಂಚಿನ ಚೂರುಗಳನ್ನೂ ಅವನನ್ನೂ ನೋಡಿದಳು. ಏನೋ ಕೇಳುವವಳಿದ್ದಳು. ಅಷ್ಟರಲ್ಲಿ ಲಾಂಚು ಬಂತು.

ಅದರಿಂದ ಇಳಿದವರಲ್ಲಿ ಕೊನೆಯವರು ವೆಂಕಟ್ರಮಣ ಮತ್ತು ಅನ್ನಪೂರ್ಣೇಶ್ವರಿ. ತಮ್ಮನ ತಲೆಯ ಮೇಲೆ ಟ್ರಂಕು. ಅವಳು ಅವನು ಯಾವತ್ತೂ ನೋಡಿರದ ಒಂದು ಸೀರೆ ಉಟ್ಟಿದ್ದಳು. ಮಹಾಗಣಪತಿಗೆ ಒಲೆಯ ಹಿಂದೆ ಬಗ್ಗಿ ಕೂರಬೇಕೆನಿಸಿತು. ಬಗ್ಗಲಿಲ್ಲ. ಹಾಗೆಂದು ಮುಂದೆಯೂ ಬರಲಿಲ್ಲ.

"ಭಾವ, ಯಾವಾಗ ಬಂದದ್ದು?" ಎಂದ ವೆಂಕಟ್ರಮಣ, ಟ್ರಂಕು ಇಳಿಸುತ್ತಾ.

"ಬೆಳಿಗ್ಗೆ."

"ಬೆಳಿಗ್ಗಿಂದ ಇಲ್ಲೇಯ? ಎಂಗ ಎಲ್ಲ ಅಲ್ಲಿ ಊಟಕ್ಕೆ ಎಲೆ ಹಾಕಿ ಕಾದದ್ದು."

"ಒಲೆ ಆರ್ತಾ ಇತ್ತು."

ದುರ್ಗಮ್ಮ ಚಾ ಸೋಸುವುದನ್ನು ನಿಲ್ಲಿಸಿದಳು. "ಪರಿಚಯದವ್ರು ಅಂದ್ರಲ್ಲ," ಎಂದಳು ಮೆಲ್ಲಗೆ. ಅವನು ಹೌದೆಂಬಂತೆ ತಲೆಯಾಡಿಸಿದ.

ಅನ್ನಪೂರ್ಣೇಶ್ವರಿ ಬೆಂಚಿನ ಮೇಲೆ ಕೂತು ಚಾ ತೆಗೆದುಕೊಂಡಳು. ಅರ್ಧ ಕುಡಿದ ಮೇಲೆ ಕೇಳಿದಳು:

"ಎಂತಾಗಿತ್ತು ಒಲೆಗೆ?"

ಅವನು ಹೇಳಿದ. ಹೊಟ್ಟಿನ ಹಸಿಯಿಂದ ಶುರುಮಾಡಿ, ಒತ್ತುವುದು, ತೂತು, ನಡುವಿನ ದಾರಿ, ಎಲ್ಲವನ್ನೂ ಬಿಡಿಸಿ ಹೇಳಿದ. ಹೊಗೆ ಹೊರಗೆ ಹೋಗದಿದ್ದರೆ ಗಾಳಿ ಒಳಗೆ ಬರುವುದಿಲ್ಲ ಎಂದ. ಮಸಿ ಹತ್ತಿದ ಕೈಗಳಿಂದ ಗಾಳಿಯ ದಾರಿಯನ್ನು ತೋರಿಸಿದ. ಅವನ ಧ್ವನಿ ಏರಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಅವಳು ಗ್ಲಾಸು ಕೈಯಲ್ಲಿ ಹಿಡಿದು, ರೆಪ್ಪೆ ಬಡಿಯದೆ ಕೇಳಿದಳು.

"ನಿಂಗ ಇಷ್ಟು ಮಾತಾಡದು ನಾನು ಕೇಳಿರ್ಲೆ," ಎಂದಳು.

ಅವಳ ಮುಖದಲ್ಲಿ ಕೋಪವಿರಲಿಲ್ಲ. ಇನ್ನೇನಾದರೂ ಬರುತ್ತದೆಯೋ ಎಂದು ಕಾಯುವ ಹಾಗೆ ಇತ್ತು. ಅವನು ಕಾದ. ತನ್ನೊಳಗೆ ಹುಡುಕಿದ. ಒಲೆಯ ಬಗ್ಗೆ ಇನ್ನೊಂದು ಸಂಗತಿ ಉಳಿದಿತ್ತು, ಬೂದಿ ತೆಗೆಯುವುದು. ಅದನ್ನೂ ಹೇಳಿದ.

ಅವಳು ಗ್ಲಾಸು ಕೆಳಗಿಟ್ಟಳು.

ಸಾಗರದ ಕೊನೆಯ ಬಸ್ಸು ತಿರುಗಿ ನಿಂತಿತ್ತು. ವೆಂಕಟ್ರಮಣ ಟ್ರಂಕು ಹತ್ತಿಸಿ ಬಂದ. ಅಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತದ್ದನ್ನು ನೋಡಿ, ಅವನೇ ಹೇಳಿದ:

"ಭಾವ, ಬಸ್ಸಿನಲ್ಲಿ ಜಾಗ ಇದ್ದು. ಅಕ್ಕನ ಪಕ್ಕದಲ್ಲೇ ಇದ್ದು."

ಮಹಾಗಣಪತಿ ತನ್ನ ಕೈಗಳನ್ನು ನೋಡಿಕೊಂಡ.

"ಕೈ ತೊಳಕಂಡು ಬತ್ತೆ," ಎಂದ.

ಅಂಗಡಿಯ ಹಿಂದೆ ಬಾನಿಯಲ್ಲಿ ನೀರಿತ್ತು. ಅವನು ಅದನ್ನು ದಾಟಿ ದಡಕ್ಕೆ ಇಳಿದ. ಬೇಸಿಗೆಗೆ ಹಿನ್ನೀರು ಹಿಂದೆ ಸರಿದು, ಅಣೆಕಟ್ಟಿಗೆ ಮುಂಚಿನ ಹಳೆಯ ರಸ್ತೆ ಒಂದಿಷ್ಟು ಹೊರಗೆ ಬಂದಿತ್ತು. ಡಾಂಬರು ಹಾಗೆಯೇ ಇತ್ತು. ಅದು ನೇರವಾಗಿ, ಎಲ್ಲೂ ಅನುಮಾನಿಸದೆ, ನೀರಿನೊಳಗೆ ಇಳಿದು ಹೋಗಿತ್ತು. ಅವನು ಅದರ ಮೇಲೆಯೇ ನಡೆದ. ಚಪ್ಪಲಿ ನೆನೆಯಿತು, ಪಂಚೆಯ ಅಂಚು ನೆನೆಯಿತು. ಅಲ್ಲಿ ರಸ್ತೆಯ ಬದಿಗೆ ಒಂದು ಮೈಲಿಗಲ್ಲು ಅರ್ಧ ಮುಳುಗಿ ನಿಂತಿತ್ತು. ಮೇಲೆ ಊರಿನ ಹೆಸರು, ಪಾಚಿ ಒಣಗಿದ್ದರೂ, ಓದುವಂತಿತ್ತು. ಈಗ ಇಲ್ಲದ ಊರು. ಎಷ್ಟು ದೂರ ಎಂಬ ಅಂಕಿ ನೀರಿನೊಳಗಿತ್ತು.

ಹಿಂದೆ ಬಸ್ಸು ಹಾರನ್ ಹಾಕಿತು.

ಅವನು ಬಗ್ಗಿ, ತೋಳಿನವರೆಗೆ ನೀರಿಗೆ ಕೈಯಿಳಿಸಿ, ಕಲ್ಲಿನ ಮೇಲೆ ಬೆರಳಾಡಿಸಿದ. ಕೊರೆದ ಗುರುತು ಸಿಕ್ಕಿತು. ಒಂದೋ ಏಳೋ ತಿಳಿಯಲಿಲ್ಲ. ಅದರೊಳಗೆ ಕೆಸರು ತುಂಬಿತ್ತು. ಇಂಜಿನ್ನಿನ ಸದ್ದು ಕೇಳುತ್ತಲೇ ಇತ್ತು. ಅವನು ಉಗುರಿನಿಂದ, ನಿಧಾನವಾಗಿ, ಕೆಸರನ್ನು ಕೆರೆಯತೊಡಗಿದ.