ಬಿಟ್ಟುಕೊಟ್ಟ ಹಾಸಿಗೆ

"ಭಾನುವಾರ ಮನೆಗೆ ಬಾರೋ. ಅಪ್ಪಾನೂ ಒಪ್ಪಿದ್ದಾರೆ," ಎಂದಳು ಅಮ್ಮ ಫೋನಿನಲ್ಲಿ. ಹುಡುಗನಾಗಿ ಹುಡುಗನನ್ನೇ ಪ್ರೀತಿಸಿದೆನೆಂದು ನನ್ನ ಕತ್ತು ಹಿಡಿದು ಹೊರಗೆ ದಬ್ಬಿದ್ದ ಅಪ್ಪ! ನನಗೆ ಸ್ವರ್ಗಕ್ಕೆ ಮೂರೇ ಗೇಣು.

ನಾನಿದ್ದದ್ದು ನನ್ನ ಹಾಗೆಯೇ ಮನೆಯಿಂದ ದಬ್ಬಿಸಿಕೊಂಡವರ ವಸತಿಗೃಹದಲ್ಲಿ. ಅಲ್ಲಿ ಹಾಸಿಗೆ ಬಿಟ್ಟರೆ ಬಿಟ್ಟ ಹಾಗೆಯೇ. ಮುಂದಿನವರು ಬಾಗಿಲಲ್ಲೇ ಕಾದಿರುತ್ತಾರೆ.

"ದುಡುಕಬೇಡ್ವೋ. ಒಂದ್ ರಾತ್ರಿ ಅಲ್ಲಿದ್ದು ನೋಡು, ಆಮೇಲೆ ಬಿಡು," ಎಂದಳು ವಾರ್ಡನ್ ಅಕ್ಕ.

"ಕರೆದಿರೋದು ನನ್ನ ಹೆತ್ತಮ್ಮ ಅಕ್ಕಾ, ಪೊಲೀಸರಲ್ಲ!" ಹಾಸಿಗೆಗಾಗಿ ಕಾದು ಬೆಂಚಿನ ಮೇಲೆ ಮುದುರಿ ಕೂತಿದ್ದ ಹುಡುಗಿಯನ್ನು ಕರೆದು, ದಿಂಬು ತಟ್ಟಿ, ದೊಡ್ಡ ದಾನಶೂರನ ಹಾಗೆ ಹಾಸಿಗೆ ಬಿಟ್ಟುಕೊಟ್ಟೆ. ಎಂಥ ಬೆಪ್ಪುತಕ್ಕಡಿ ನಾನು!

ಬಾಗಿಲು ತೆರೆದ ಅಮ್ಮ ಮುಖಕ್ಕಿಂತ ಮೊದಲು ನನ್ನ ಬಟ್ಟೆ ನೋಡಿದಳು. ಅಣ್ಣನ ಇಸ್ತ್ರಿ ಶರ್ಟು ಕೈಗೆ ತುರುಕಿದಳು. "ಅಣ್ಣನಿಗೆ ಗೊತ್ತು ಮಾಡಿರೋ ಹುಡುಗಿ ಕಡೆಯವರು ಬರ್ತಿದ್ದಾರೆ. ತಮ್ಮ ಎಲ್ಲಿ, ಎಲ್ಲಿ ಅಂತ ಒಂದೇ ಸಮ ಕೇಳ್ತಾರೆ. ಬೇರೆ ಊರಲ್ಲಿ ಕೆಲಸ ಅನ್ನು. ಜಾಸ್ತಿ ಬಾಯಿ ಬಿಡಬೇಡ."

ನನ್ನ ಕೋಣೆಗೆ ಹೊಸ ಬಣ್ಣ ಬಳಿದು, ಅಣ್ಣನಿಗೆ ಜೋಡಿ ಮಂಚ ಹಾಕಿದ್ದರು. ಆದರೂ ನನ್ನ ಆಸೆ ನೋಡಿ, ಕಣ್ಣು ಹಾಲ್‌ನ ಸೋಫಾದ ಮೇಲೆ ಹೋಯಿತು. ಕಾಲು ಮಡಚಿದರೆ ಸಾಕಾಗುತ್ತದೆ ಅಂದುಕೊಂಡೆ.

ಅವರು ಬಂದರು. ನಾನು ಟ್ರೇ ಹಿಡಿದೆ, ಹಲ್ಲು ಕಿರಿದೆ, ಇಲ್ಲದ ಕೆಲಸದ ಬಗ್ಗೆ ಕಂತೆ ಕಂತೆ ಸುಳ್ಳು ಬಿಟ್ಟೆ. "ಅಪ್ಪಟ ಬಂಗಾರ ಕಣ್ರೀ ನಿಮ್ಮ ಚಿಕ್ಕ ಮಗ," ಎಂದರು ಹುಡುಗಿಯ ತಂದೆ. ಅಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದರು. ಅಯ್ಯೋ, ಆ ಕೈಯ ಬಿಸಿಗೆ ಕರಗಿಹೋದೆ. ಎಲ್ಲ ಸರಿಹೋಯಿತು ಎಂದೇ ನಂಬಿದೆ.

ಅವರ ಕಾರು ತಿರುವು ದಾಟಿತು. ಕೈ ಹೆಗಲಿನಿಂದ ಇಳಿಯಿತು. "ಇವನ್ಯಾಕೆ ಇನ್ನೂ ನಿಂತಿದ್ದಾನೆ?" ಎಂದು ಅಮ್ಮನನ್ನು ಕೇಳಿ ಅಪ್ಪ ಟಿವಿ ಹಾಕಿದರು.

"ಅಮ್ಮಾ, ಅಲ್ಲಿನ ಹಾಸಿಗೆ ಬಿಟ್ಟುಕೊಟ್ಟು ಬಂದಿದ್ದೀನಿ. ಈ ಸೋಫಾ ಸಾಕು. ಇವತ್ತೊಂದು ರಾತ್ರಿ."

"ಬಿಡು ಅಂತ ಯಾರು ಹೇಳಿದ್ರು? ಬಾ ಅಂದೆ, ಇರು ಅಂದ್ನಾ?" ಅಮ್ಮ ಕೈ ಚಾಚಿದಳು. "ಶರ್ಟು ಬಿಚ್ಚಿಡು. ನಾಳೆ ಅಣ್ಣ ಹಾಕ್ಕೋಬೇಕು."

ಬಿಚ್ಚಿಕೊಟ್ಟೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದಳು. ಸರ್ರನೆ ತಿರುಗಿದೆ. ಬಾಗಿಲು ಅರ್ಧ ಮುಚ್ಚಿಕೊಂಡು ನಿಂತಿದ್ದಳು.

"ತಲುಪಿದ ಕೂಡ್ಲೇ ಒಂದು ಫೋನ್ ಮಾಡೋ," ಎಂದಳು.