ಚಾಯಾ ಸೊಪ್ಪಿನ ತಂಬುಳಿ

ಅತ್ತೆ ಸೇವಂತಿ ಮುಕ್ಕಾಲು ಗಂಟೆಯ ಹಿಂದೆ ಕಳಿಸಿದ್ದ ಫೋಟೋ ನೋಡಿ ಶ್ರೀಲಕ್ಷ್ಮಿ ಕುರ್ಚಿಯಿಂದ ಎದ್ದೇಬಿಟ್ಟಳು. ಬಟ್ಟಲ ತುಂಬ ಹಸಿರು ತಂಬುಳಿ. ಕೆಳಗೆ, ‘ನೀನು ತಂದ ಸೊಪ್ಪಿನದ್ದು. ಇವತ್ತು ಮಾವನಿಗೆ ಇದೇ.’

ಸೊಪ್ಪು ಕೊಟ್ಟವಳು ಇಂಗ್ಲಿಷರ ನಾಡಿನ ವಿದನ್‌ಶಾದ ಲ್ಯಾಬಿನಲ್ಲಿ ಅವಳ ಜೊತೆ ದುಡಿಯುವ ಇಶ್ಚೆಲ್, ಮೆಕ್ಸಿಕೋದ ಮಾಯಾ ಜನಾಂಗದ ಹೆಂಗಸು. ಅವಳ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಸಕ್ಕರೆ ಕಾಯಿಲೆಗೆ ಚಾಯಾ ಸೊಪ್ಪಿನ ಕಷಾಯ. ಶ್ರೀಲಕ್ಷ್ಮಿಯ ಮಾವನಿಗೂ ಅದೇ ಕಾಯಿಲೆ ಎಂದು ಕೇಳಿ ಒಂದು ಕಟ್ಟು ಕೊಟ್ಟಿದ್ದಳು. ಇಪ್ಪತ್ತು ನಿಮಿಷ ಕುದಿಸಲೇಬೇಕು, ಹಸಿ ಎಲೆ ವಿಷ ಎಂದು ಅವಳು ಮೂರು ಸಲ ಹೇಳಿದ್ದಳು. ಬೆಂಗಳೂರಿನಲ್ಲಿ ಬಸ್ಸಾರು ಉಂಡು ಬೆಳೆದ ಶ್ರೀಲಕ್ಷ್ಮಿಗೆ ಅದನ್ನು ಮನೆಯಲ್ಲಿ ಹೇಳಬೇಕೆಂದೇ ಅನ್ನಿಸಲಿಲ್ಲ. ಸೊಪ್ಪನ್ನು ಬೇಯಿಸದೆ ಯಾರಾದರೂ ತಿನ್ನುತ್ತಾರೆಯೇ?

ಅತ್ತೆಯ ಊರಾದ ಉಡುಪಿಯ ಕಡೆಯವರು ತಿನ್ನುತ್ತಾರೆ. ಒಂದೆಲಗವನ್ನು ಕಾಯಿತುರಿಯ ಜೊತೆ ಹಸಿಯಾಗಿಯೇ ರುಬ್ಬಿ ಮಜ್ಜಿಗೆ ಬೆರೆಸುತ್ತಾರೆ. ಆರು ವರ್ಷ ಆ ಮನೆಯ ತಂಬುಳಿ ಉಂಡ ಸೊಸೆಗೆ ಇದು ಹೊಳೆಯಲಿಲ್ಲವಲ್ಲ, ಅದಕ್ಕೇನು ಹೇಳುವುದು!

ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಊಟದ ಹೊತ್ತಿಗೆ ಫೋನುಗಳನ್ನೆಲ್ಲ ಮಹಡಿಯಲ್ಲಿಟ್ಟು ಬರುವುದು ಮಾವ ಚೆನ್ನಯ್ಯನವರ ಕಟ್ಟುನಿಟ್ಟು. ಗಂಡ ಜಿತೇಶ್ ಲೀಡ್ಸ್‌ನಲ್ಲಿದ್ದ. ಕಾರು ಹತ್ತಿದಳು. ಡಿಡ್ಸ್‌ಬರಿಯ ಮನೆಯವರೆಗೆ ಸಿಗ್ನಲ್‌ಗಳೆಲ್ಲ ಹಟಕ್ಕೆ ಬಿದ್ದಂತೆ ಕೆಂಪಾಗಿಯೇ ಇದ್ದವು. ಪ್ರತಿ ಸಿಗ್ನಲ್‌ನಲ್ಲೂ ಮತ್ತೆ ಫೋನ್ ಮಾಡಿದಳು.

ಒಳಗೆ ನುಗ್ಗಿದಾಗ ಚೆನ್ನಯ್ಯ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕುಳಿತಿದ್ದರು. ಅನ್ನ ಆರಿತ್ತು.

“ಅರ್ಧ ಗಂಟೆ ಆಯ್ತು, ನಿನ್ನ ಅತ್ತೆ ತಂಬುಳಿ ಬಡಿಸ್ತಾ ಇಲ್ಲ. ಕೇಳಿದ್ರೆ ‘ಸ್ವಲ್ಪ ತಡೀರಿ’ ಅಂತಾಳೆ.”

ಶ್ರೀಲಕ್ಷ್ಮಿಗೆ ಹೋದ ಜೀವ ಬಂದಂತಾಯಿತು. ಅಡುಗೆಮನೆಗೆ ಓಡಿದಳು. ಸೇವಂತಿ ಸ್ಟೂಲಿನ ಮೇಲೆ ಕುಳಿತು ಹಣೆ ಒತ್ತಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಖಾಲಿ ಲೋಟ, ಅದರ ಅಂಚಿನಲ್ಲಿ ಹಸಿರು.

“ಹೊಸ ಸೊಪ್ಪಲ್ವಾ ಮಗಾ. ಇವರಿಗೆ ಬಡಿಸುವ ಮೊದಲು ನಾನೇ ಒಂದು ಲೋಟ ಕುಡಿದು ನೋಡಿದೆ. ತಲೆ ತಿರುಗ್ತಾ ಉಂಟು.”

ಶ್ರೀಲಕ್ಷ್ಮಿ ಆಂಬುಲೆನ್ಸಿಗೆಂದು 999 ಒತ್ತಿದಳು. ಯಾವ ಎಲೆ, ಎಷ್ಟು ಹೊತ್ತಾಯಿತು, ಉಸಿರಾಟ ಹೇಗಿದೆ, ಎಲೆ ಎಲ್ಲಿಂದ ಬಂತು ಎಂದು ಆ ಕಡೆಯ ಧ್ವನಿ ಒಂದೊಂದಾಗಿ ಕೇಳಿತು.

“ನಾನೇ ತಂದುಕೊಟ್ಟಿದ್ದು,” ಎಂದಳು ಇಂಗ್ಲಿಷಿನಲ್ಲಿ. “ಬೇಯಿಸಬೇಕು ಅಂತ ಹೇಳಲಿಲ್ಲ.”

ಸೇವಂತಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಬೆವರಿದ ಕೈಯಿಂದ ಸೊಸೆಯ ಮುಂಗೈ ಹಿಡಿದರು.

“ಹಾಗೆ ಹೇಳ್ಬೇಡ ಮಾರಾಯ್ತಿ. ರುಬ್ಬಿದ್ದು ನಾನು ಅಂತ ಹೇಳು.”